ಮುಯ್ಯಿಯ ಲೆಕ್ಕ

ದಕ್ಷಿಣ ಕೊರಿಯಾದಲ್ಲಿ ಮದುವೆ ಮಂಟಪದ ಬಾಗಿಲಲ್ಲೇ ಎರಡು ಮೇಜು ಹಾಕಿರುತ್ತಾರೆ, ಗಂಡಿನ ಕಡೆಗೊಂದು, ಹೆಣ್ಣಿನ ಕಡೆಗೊಂದು. ಕೂರುವವರು ದಾಯಾದಿ ಹುಡುಗರೋ ಆಪ್ತ ಗೆಳೆಯರೋ. ದುಡ್ಡಿನ ವಿಷಯ ನೋಡಿ, ಸಿಕ್ಕಸಿಕ್ಕವರನ್ನು ಕೂರಿಸುವಂತಿಲ್ಲ. ಹೆಸರು ಬರೆದ ಬಿಳಿ ಲಕೋಟೆ ಕೊಟ್ಟರೆ ಪುಸ್ತಕದಲ್ಲಿ ಏರುತ್ತದೆ, ಕೈಗೊಂದು ಊಟದ ಚೀಟಿ ಬರುತ್ತದೆ. ಮದುವೆ ಅರ್ಧ ಗಂಟೆಯಲ್ಲಿ ಮುಗಿದರೂ ಆ ಪುಸ್ತಕ ವರ್ಷಗಟ್ಟಲೆ ಬಾಳುತ್ತದೆ. ಗೆಳೆಯನ ಮದುವೆಯಿರಲಿ, ಅವನ ಅಪ್ಪನ ಸಾವಿರಲಿ, ಅದನ್ನೊಮ್ಮೆ ತೆರೆದು ನೋಡಿಯೇ ಹೊರಡುವುದು. ಐವತ್ತು ಸಾವಿರ ವೋನ್ ಇಟ್ಟರೆ ಪರಿಚಯ, ಲಕ್ಷ ಇಟ್ಟರೆ ಸ್ನೇಹ ಎಂಬುದು ಬಹುಕಾಲದ ಅಂದಾಜು. ಈ ನೆಪದಲ್ಲಿ ಲಂಚ ನುಸುಳೀತೆಂದು 2016ರ ಕಾನೂನು ಸರ್ಕಾರಿ ನೌಕರರ, ಮೇಷ್ಟ್ರುಗಳ, ಪತ್ರಕರ್ತರ ಲಕೋಟೆಗೆ ಲಕ್ಷದ ಮಿತಿ ಹಾಕಿತು. 2018ರಲ್ಲಿ ಅದು ಐವತ್ತು ಸಾವಿರಕ್ಕಿಳಿಯಿತು.

ಸ್ನೇಹಕ್ಕೂ ಖಾತೆಯೇ ಎಂದು ನಾವು ಮೂಗು ಮುರಿಯುವಂತಿಲ್ಲ. ನಮ್ಮ ಹಳೇ ಮೈಸೂರು ಕಡೆಯ ಚಪ್ಪರದಲ್ಲಿ ಮುಯ್ಯಿ ಬರೆಯುವವನು, "ಹೆಣ್ಣಿನ ಸೋದರಮಾವನವರಿಂದ ಐನೂರಾ ಒಂದು" ಎಂದು ಊರಿಗೆಲ್ಲ ಕೇಳುವಂತೆ ಓದುತ್ತಿದ್ದ. ಕೊರಿಯಾದವರು ಪಾಪ, ಲಕೋಟೆಯಲ್ಲಾದರೂ ಮುಚ್ಚಿಡುತ್ತಾರೆ.

ಜಪಾನಿನವರ ನಾಜೂಕೇ ಬೇರೆ. ಮದುವೆಗೆ ಗೆಳೆಯರು ಇಡುವುದು ಸಾಮಾನ್ಯವಾಗಿ ಮೂವತ್ತು ಸಾವಿರ ಯೆನ್. ನೋಟುಗಳ ಎಣಿಕೆ ಸಮಸಂಖ್ಯೆಯಾದರೆ ಜೋಡಿ ಎರಡು ಪಾಲಾದೀತೆಂಬ ಅಂಜಿಕೆ. (ಪಕ್ಕದ ಚೀನಾದಲ್ಲಿ ಶುಭಕ್ಕೆ ಜೋಡಿಯೇ ಆಗಬೇಕು, ನಾಲ್ಕು ಮಾತ್ರ ಕೂಡದು.) ಮದುವೆಗೆ ಗರಿಗರಿ ನೋಟು. ಸಾವಿನ ಮನೆಗೆ ಹೊಸ ನೋಟು ಒಯ್ದರೆ ಸಾಯುವುದನ್ನೇ ಕಾದು ಕೂತಿದ್ದಂತಾಗುತ್ತದೆ. ಹಳೆಯದು ಸಿಗದಿದ್ದರೆ ಹೊಸದನ್ನೇ ಮಡಿಸಿ ಮಡಿಕೆ ಬೀಳಿಸಿ ಇಡುತ್ತಾರೆ. 49 ದಿನ ಕಳೆದ ಮೇಲೆ ಆ ಮನೆಯವರು, ಬಂದದ್ದರ ಅರ್ಧದಷ್ಟೋ ಮೂರನೇ ಒಂದರಷ್ಟೋ ಬೆಲೆಗೆ ಚಹಾವನ್ನೋ ಟವೆಲ್ಲನ್ನೋ ಕಳಿಸಿ ಭಾರ ಇಳಿಸಿಕೊಳ್ಳುತ್ತಾರೆ.

ಈ ಇಳಿಸಿಕೊಳ್ಳುವ ಅವಸರ ನನಗೆ ಹಿಡಿಸದು. ನಮ್ಮಲ್ಲಿ ನೂರಾ ಒಂದು ಬಂದಿದ್ದರೆ ತಿರುಗಿ ಹೋಗುವುದು ನೂರಾ ಐವತ್ತೊಂದು. ಹಾಗಾಗಿ ಋಣ ತೀರುವುದೇ ಇಲ್ಲ, ಆಚೆ ಮನೆಯ ತಲೆಗೇರುತ್ತದೆ. ಋಣ ಉಳಿದಷ್ಟು ದಿನ ಹೋಗಿಬರುವುದೂ ಉಳಿಯುತ್ತದೆ. ಹೊಲದ ಮುಯ್ಯಾಳಿನಲ್ಲೂ ಇದೇ: ಇವತ್ತು ನಿಮ್ಮ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು.

ಈಗ ಲಗ್ನಪತ್ರಿಕೆಯ ಕೆಳಗೆ ಆಶೀರ್ವಾದವೇ ಉಡುಗೊರೆ ಎಂದು ಅಚ್ಚು ಹಾಕಿಸುತ್ತಾರೆ. ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ಬಂದವರ ಹೆಸರನ್ನಾದರೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನಾಳೆ ಅವರ ಮನೆಯಲ್ಲೂ ಚಪ್ಪರ ಏಳುತ್ತದೆ, ನೀವು ಹೋಗಬೇಕಾಗುತ್ತದೆ.