ಎವಿ ಒನ್ನೋ, ಟಿವಿ ಒನ್ನೋ?

ತುಂಬಾ ದಿನದಿಂದ ಇಲ್ಲೇನೂ ಬರೆದಿರಲಿಲ್ಲ. ಆಫೀಸು, ಡೆಡ್‌ಲೈನು... ಅದೇ ಹಳೇ ನೆಪಗಳು, ಬಿಡಿ.

ಮೊನ್ನೆ ಊರಿಗೆ ಹೋಗಿದ್ದೆ. ಸುರಪುರದಾಚೆ ಕೃಷ್ಣೆಯ ದಂಡೆಯಲ್ಲಿ ನಮ್ಮ ಹೊಲ. ನಾರಾಯಣಪುರ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರದ ಕಡೆ ಭತ್ತ ಬೆಳೀತಾರೆ ನಿಜ. ನಮ್ಮದು ಮಾತ್ರ ಕಾಲುವೆ ನೀರು ಹತ್ತದ ದಿಬ್ಬ. ಹೊಳೆ, ಪಂಪು, ಡೀಸೆಲ್ ಎಂಜಿನ್, ಇಷ್ಟೇ ಗತಿ. ಆ ಎಂಜಿನ್‌ಗೆ ಮನೆಯಲ್ಲಿ ಇವತ್ತಿಗೂ 'ಮುತ್ಯಾನ ಎಂಜಿನ್' ಅಂತಲೇ ಹೆಸರು.

ನಾನು ಹೋದಾಗ ಕಾಕಾ ಅದರ ಹೆಡ್ ಬಿಚ್ಚಿಟ್ಟು ಕೂತಿದ್ದ. ಹೊಗೆ ಕಾರ್ತದ, ನೀರೇ ಎತ್ತಲ್ದು ಅಂದ. ಸೇಂಗಾ ಕಾಯಿ ಕಟ್ಟೋ ಹೊತ್ತು, ಇನ್ನೊಂದು ನಾಲ್ಕು ದಿನ ನೀರಿಲ್ಲದಿದ್ರೆ ಮುಗೀತು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಬೆಂಗಳೂರಲ್ಲಿ ಜಾವಾ ಕುಟ್ಟೋ ನನಗೆ ಇದಕ್ಕಿಂತ ಒಳ್ಳೇ ಅವಕಾಶ ಸಿಗುತ್ತಾ? ರಿಂಗ್ ಸೆಟ್ ನಾನು ತರ್ತೀನಿ ಅಂತ ಬೈಕ್ ಹತ್ತಿದೆ.

ಶಹಾಪುರದ ಸ್ಪೇರ್ಸ್ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಕಿರ್ಲೋಸ್ಕರ್ ಎವಿ ಒನ್ನೋ, ಟಿವಿ ಒನ್ನೋ?"

ಎಂಜಿನ್ ಮೇಲೆ ಪ್ಲೇಟಿಲ್ಲ, ರಿವೆಟ್ಟಿನ ಎರಡು ತೂತು ಅಷ್ಟೇ. ಕಾಕಾಗೆ ಫೋನ್ ಮಾಡಿದೆ. "ಐದು ಎಚ್‌ಪಿ ಅಂತ ಹೇಳ್ಯಾರ ನೋಡು ತಮ್ಮಾ" ಅಂದ. ಐದು ಅಂದ್ರೆ ಎವಿ ಒನ್. ತಂದೆ. ರಿಂಗನ್ನ ಸಿಲಿಂಡರಿನಲ್ಲಿಟ್ಟರೆ ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಸೀದಾ ಒಳಗೆ! ಒಂದು ದಿನ ಹಾಳು.

ಆಮೇಲೆ ಬುದ್ಧಿ ಬಂತು. ಟ್ರಂಕಿನಿಂದ ಕಾಲೇಜಿನ ವರ್ನಿಯರ್ ತೆಗೆದೆ. ರಿಂಗು ಓಡಾಡುವ ಜಾಗ ಸವೆದಿರುತ್ತೆ, ಅದಕ್ಕೆ ಸಿಲಿಂಡರಿನ ಮೇಲಂಚಿನಲ್ಲಿ, ರಿಂಗ್ ಮುಟ್ಟದ ಪಟ್ಟಿಯಲ್ಲಿ ಅಳೆಯಬೇಕು. 87.5 ಮಿ.ಮೀ. ಎವಿ ಒನ್‌ದು 80. ಸ್ಟ್ರೋಕ್ ಎರಡಕ್ಕೂ 110 ಮಿ.ಮೀ.; ಹೊರಗಿನಿಂದ ನೋಡಿದ್ರೆ ಅಣ್ಣತಮ್ಮಂದಿರು. ಒಂದು 553 ಸಿಸಿ, ಇನ್ನೊಂದು 661. ನಾಚಿಕೆಯ ವಿಷಯ ಏನಂದ್ರೆ, ನಮ್ಮ ಕಾಲೇಜು ಲ್ಯಾಬಿನಲ್ಲಿದ್ದದ್ದೂ ಟಿವಿ ಒನ್ನೇ. 87.5, 110 ಅಂತ ಜರ್ನಲ್ಲಿನಲ್ಲಿ ಎಷ್ಟು ಸಲ ಬರೆದಿದ್ದೀನೋ!

ಅಳತೆ ಸಿಕ್ಕಿತು, ತಲೆ ಮಾತ್ರ ಕೆಟ್ಟಿತು. ಎಂಜಿನ್ ಕೂತಿರೋ ಕಾಂಕ್ರೀಟ್ ಕಟ್ಟೆಯ ಹಳೇ ಬೋಲ್ಟುಗಳು ಇದರ ತೂತಿಗೆ ಹೊಂದೋದೇ ಇಲ್ಲ, ನಡುವೆ ಜಾಲಿ ದಿಮ್ಮಿ ಹಾಕಿ ಕೂರಿಸಿದ್ದಾರೆ. ಮತ್ತೆ ನನ್ನ ನೆನಪಿನ ಎಂಜಿನ್‌ಗೆ ಎರಡು ದೊಡ್ಡ ಗಾಲಿ ಇದ್ದವು, ಮನೆಯಲ್ಲಿ ಕೂತರೂ ಡುಗ್... ಡುಗ್... ಅಂತ ನಿಧಾನಕ್ಕೆ ಕೇಳ್ತಿತ್ತು. ಅದು ಲಿಸ್ಟರ್ ಮಾದರಿ. ಇಂಗ್ಲೆಂಡಿನ ವಿನ್ಯಾಸ, ರಾಜ್‌ಕೋಟ್‌ನಲ್ಲಿ ಲೆಕ್ಕವಿಲ್ಲದಷ್ಟು ನಕಲು ಮಾಡಿದ್ದಾರೆ. ನಿಮಿಷಕ್ಕೆ 650 ಸುತ್ತು. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದು ಬಡಿತ, ಹತ್ತು ಸೆಕೆಂಡಿಗೆ 54. ಟಿವಿ ಒನ್ 1500 ಸುತ್ತು, ಅಂದ್ರೆ 125 ಬಡಿತ. ಮಕ್ಕಳ ಕಿವಿಗೂ ಗೊತ್ತಾಗೋ ವ್ಯತ್ಯಾಸ.

"ಕಾಕಾ, ಇದು ಮುತ್ಯಾಂದಲ್ಲ" ಅಂದೆ.

ಅವನು ಸ್ವಲ್ಪ ಹೊತ್ತು ಬಟ್ಟೆಯಲ್ಲಿ ಕೈ ಒರೆಸಿಕೊಂಡ. 2009ರ ಪ್ರವಾಹ. ಕೃಷ್ಣೆ ಏರಿ ಎಂಜಿನ್ ಕೆಸರಲ್ಲಿ ಹೂತಿತ್ತು. ರಿಪೇರಿಗೆ ದುಡ್ಡಿರಲಿಲ್ಲ, ಗುಜರಿ ತೂಕಕ್ಕೆ ಕೊಟ್ಟು ಇದನ್ನ ಸೆಕೆಂಡ್ ಹ್ಯಾಂಡ್ ತಂದ. ಹಳೇದರ ಹಾಗೇ ಹಸಿರು ಬಣ್ಣ ಬಳಿದ. ಮುತ್ಯಾಗೆ ಆಗ ಕಣ್ಣು ಕಾಣ್ತಿರಲಿಲ್ಲ, ಹೊಲಕ್ಕೂ ಬರ್ತಿರಲಿಲ್ಲ. ಬಣ್ಣ ಯಾರಿಗೆ ಬಳಿದನೋ!

"ಮುತ್ಯಾ ಏನೂ ಕೇಳಲಿಲ್ಲೇನು?"

"ಕಟ್ಟಿ ಮ್ಯಾಲ ಕೂತು ಕೇಳ್ದ. ಯಾಕಪಾ, ಇಷ್ಟು ಜೋರು ಬಡೀಲಿಕತ್ತದ ಅಂದ. ಹೊಸಾ ಬೇರಿಂಗ್ ಹಾಕಿಸೀನಿ ಅಂದೆ. ಹೂಂ ಅಂದ. ಮುಂದ ಒಂದಿನಾನೂ ಅದರ ಮಾತು ತೆಗೀಲಿಲ್ಲ."

ಮಾರನೇ ದಿನ ಮತ್ತೆ ಶಹಾಪುರ. ಅಂಗಡಿಯವರು ಹಳೇ ರಿಂಗ್ ವಾಪಸ್ ತಗೊಂಡರು, ಪುಣ್ಯ. ಸಂಜೆ ಎಂಜಿನ್ ಚಾಲೂ ಆಯ್ತು. ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡು ರಾತ್ರಿ ಎಣಿಸಿದೆ: ಹತ್ತು ಸೆಕೆಂಡಿಗೆ 123. ಕಾಕಾ ಪಕ್ಕದಲ್ಲೇ ಕೂತು ನೋಡ್ತಿದ್ದ. "ಅದರಾಗ ಹಳೇದು ಹ್ಯಾಂಗ ಬಡೀತಿತ್ತು, ತೋರ್ಸು" ಅಂದ. ಮಂಚದ ಪಟ್ಟಿಯ ಮೇಲೆ ಬೆರಳಲ್ಲಿ ಕುಟ್ಟಿದೆ.

"ಇನ್ನಾ ನಿಧಾನ" ಅಂದ ಕಾಕಾ.