ಲೈನ್ ಬರಾಕತ್ತೈತೇನು?

ಕಾರಿನೊಳಗೆ ಫೋನು ಚಾರ್ಜ್ ಆಗವಲ್ಲದು ಎಂದು ನಮ್ಮ ಕೊಪ್ಪಳ ಸೀಮೆಯ ಯಾವುದಾದರೂ ಚಹಾದಂಗಡಿ ಮುಂದೆ ಅಂದು ನೋಡಿ. ಗಂಗಾವತಿಯವರು 'ಬ್ಯಾಟರಿ ಹೋಗೈತಿ' ಅನ್ನುತ್ತಾರೆ. ಕುಷ್ಟಗಿಯವರು 'ಚಾರ್ಜರ್ ಡುಪ್ಲಿಕೇಟ್ ಐತಿ' ಅನ್ನುತ್ತಾರೆ. ಯಲಬುರ್ಗಾದವರು 'ಗಾಡೀನ ಮಾರ್ರಿ' ಎಂದು ಗಿರಾಕಿಯನ್ನೂ ಗೊತ್ತು ಮಾಡಿ ಕೊಡುತ್ತಾರೆ. ಸಾಕೆಟ್ಟಿನೊಳಗೆ ಒಮ್ಮೆ ಇಣುಕ್ರಿ ಅಂದವರು ಮಾತ್ರ ನನಗಿನ್ನೂ ಸಿಕ್ಕಿಲ್ಲ.

ಆ ತೂತು ಹುಟ್ಟಿದ್ದೇ ಸಿಗರೇಟು ಹಚ್ಚಲಿಕ್ಕೆ. ಒತ್ತಿ, ಕಾಯಿಸಿ, ತೆಗೆದರೆ ಅದರ ಕೆಲಸ ಮುಗಿಯಿತು. ತಾಸುಗಟ್ಟಲೆ ಚಾರ್ಜರನ್ನು ಹಿಡಿದು ಕೂರುವ ಬಿಗಿ ಅದಕ್ಕೆ ಎಲ್ಲಿಂದ ಬರಬೇಕು? ನಡುವಿನ ಬೊಟ್ಟು ಪ್ಲಸ್, ಸುತ್ತಲಿನ ಗೋಡೆ ಮೈನಸ್. ಕನಕಗಿರಿ ದಾರಿ ಹಿಡಿದರೆ ತಗ್ಗಿಗೊಮ್ಮೆ ಫೋನು 'ಟಿಂಗ್' ಅನ್ನುತ್ತದೆ. ಅಂದರೆ ಒಮ್ಮೆ ಬಿಟ್ಟು ಮತ್ತೆ ಹಿಡಿಯಿತು ಅಂತ. ಮ್ಯಾಪು ಹಚ್ಚಿ, ಪರದೆಯ ಬೆಳಕು ಪೂರ್ತಿ ಏರಿಸಿದ್ದರಂತೂ ಚಾರ್ಜಿಗಿಟ್ಟ ಫೋನೇ ಖಾಲಿಯಾಗುತ್ತ ಹೋಗುತ್ತದೆ. ಕುಕನೂರು ಕಡೆ ಹೊರಟಾಗ ಇದು ಹೆಚ್ಚು ಉರಿಸುತ್ತದೆ. ಕಣ್ಣೆತ್ತಿದಲ್ಲಿ ಗಾಳಿಯಂತ್ರ, ಕೈಯಲ್ಲಿ ಎರಡು ಪರ್ಸೆಂಟು.

ತೂತಿನೊಳಗೆ ಧೂಳಿರುತ್ತದೆ, ಅಡಿಕೆ ಚೂರಿರುತ್ತದೆ, ಹಿಂದಿನ ಸೀಟಿನಿಂದ ಜಿಗಿದು ಬಂದ ಕೂಸು ಹಾಕಿದ ರೂಪಾಯಿಯೂ ಇರುತ್ತದೆ. ಆ ನಾಣ್ಯ ಬೊಟ್ಟಿಗೂ ಗೋಡೆಗೂ ತಾಗಿದ ಕ್ಷಣ ಫ್ಯೂಜ್ ಹಾರುತ್ತದೆ. ಗಂಗಾವತಿಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ನನಿಗೆ ಗಿರಾಕಿಯೊಬ್ಬ ಅಳುಬುರುಕ ಮೋರೆಯಲ್ಲಿ ಕೇಳುತ್ತಿದ್ದ: 'ಅಣ್ಣಾರ, ಫ್ಯೂಜ್ ಹೋತೇನ್ರಿ?'

'ಹೋದ್ರ ಛಲೋ ಆತ್ರಿ. ವಾಯರ್ ಉಳೀತು.'

ಆತನ ಹತ್ತಿರ ಇದ್ದ ಆಯುಧವೆಂದರೆ ಟೆಸ್ಟ್ ಲ್ಯಾಂಪ್ ಒಂದೇ, ಎರಡು ವಾಯರು ಕಟ್ಟಿದ 12 ವೋಲ್ಟಿನ ಬಲ್ಬು. ಮೊದಲು ಚಾವಿಯನ್ನು ಒಂದು ಹಲ್ಲು ತಿರುಗಿಸಿದ. ಬಹಳ ಗಾಡಿಗಳಲ್ಲಿ ಚಾವಿ ತಿರುಗದೆ ಆ ಸಾಕೆಟ್ಟಿಗೆ ಲೈನೇ ಬರುವುದಿಲ್ಲ. ವಾಯರಿನ ಒಂದು ತುದಿ ಗಾಡಿಯ ಬರಿ ಕಬ್ಬಿಣಕ್ಕೆ, ಇನ್ನೊಂದು ಬೊಟ್ಟಿಗೆ. ಬಲ್ಬು ಹತ್ತಲಿಲ್ಲ, ಅಂದರೆ ಫ್ಯೂಜಿನ ಕಡೆ ನೋಡಬೇಕು. ಹೊಸ ಫ್ಯೂಜ್ ಹಾಕಿದ ಮೇಲೆ ಹತ್ತಿತು, ಆದರೆ ಕಬ್ಬಿಣ ಬಿಟ್ಟು ಸಾಕೆಟ್ಟಿನ ಗೋಡೆಗೆ ಹಿಡಿದರೆ ಮತ್ತೆ ಕತ್ತಲು. 'ಅರ್ಥ್ ಇಲ್ರಿ' ಎಂದ. ಇಷ್ಟಕ್ಕೇ ಆ ಗಿರಾಕಿ ಆಗಲೇ ಹೊಸ ಚಾರ್ಜರ್ ಕೊಂಡು ಬಂದಿದ್ದ! ಚಾರ್ಜರಿಗೆ ನಾವು ಹಚ್ಚುವ ದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ಅರ್ಥಿಗೆ ಸೇರಬೇಕಾದದ್ದು ಎಂದು ನನ್ನ ಗುಮಾನಿ.

ಫ್ಯೂಜಿನ ಬಣ್ಣ ನೋಡಿಯೇ ಅದರ ತಾಕತ್ತು ಹೇಳಬಹುದು: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಕೆಂಪಿನದಕ್ಕೆ 12 ವೋಲ್ಟಿನಲ್ಲಿ 120 ವ್ಯಾಟು ಎಳೆಯುವ ಕಸುವು, ಅಷ್ಟೆ. ಫೋನಿಗೆ ಧಾರಾಳವಾಯಿತು, ಗಾಲಿಗೆ ಗಾಳಿ ತುಂಬುವ ಪಂಪು ಚುಚ್ಚಿದರೆ ಉಳಿಯುವುದು ಅನುಮಾನ. ಹಾರಿದ ಜಾಗಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ 'ಊರು ಮುಟ್ಟಿದರೆ ಸಾಕು' ಎನ್ನುವ ಧೀರರಿದ್ದಾರೆ. ಮುಂದೆ ಅವರ ಗಾಡಿಯಲ್ಲಿ ವಾಯರೇ ಫ್ಯೂಜಿನ ಕೆಲಸ ಮಾಡುತ್ತದೆ, ಹೊಗೆ ಸಮೇತ.

ಇದರಲ್ಲಿ ನಮ್ಮ ಟ್ರ್ಯಾಕ್ಟರ್ ಹುಡುಗರು ಪದವೀಧರರು. ಗವಿಮಠದ ಜಾತ್ರೆಯಿರಲಿ, ಭತ್ತದ ಸುಗ್ಗಿಯಿರಲಿ, ಡೆಕ್ಕು ಹಾಡದಿದ್ದರೆ ಇಂಜಿನ್ನು ಚಾಲೂ ಆಗುವುದಿಲ್ಲವೇನೋ! ಐನೂರು ವ್ಯಾಟಿನ ಆಂಪ್ಲಿಫೈಯರ್ ಪೂರ್ತಿ ಕೂಗಿದರೆ ಬ್ಯಾಟರಿಯಿಂದ 40 ಆಂಪಿಯರಿಗೂ ಮಿಕ್ಕು ಎಳೆಯುತ್ತದೆ. ಅದಕ್ಕೆ ಕಟ್ಟಿರುವುದು ಮನೆಯ ಬಲ್ಬಿನ ಸಣ್ಣ ವಾಯರು. ಡೋಲು ಬಿದ್ದಾಗಲೆಲ್ಲ ಹೆಡ್‌ಲೈಟು ಮಂಕಾಗಿ ತಲೆದೂಗುತ್ತದೆ. ಎಕ್ಸಲೇಟರ್ ಒತ್ತಿದಂತೆ ಸ್ಪೀಕರಿನೊಳಗೆ 'ಕುಂಯ್' ಏರಿದರೆ ಅದೂ ಬಹುಮಟ್ಟಿಗೆ ಅರ್ಥಿನದೇ ಕಿತಾಪತಿ. ಬಣ್ಣ ಕೆರೆದು ಬರಿ ಕಬ್ಬಿಣಕ್ಕೆ ಬೋಲ್ಟು ಬಿಗಿದರೆ ಸಾಮಾನ್ಯವಾಗಿ ಅಡಗುತ್ತದೆ. ಹುಡುಗರು ಕೆರೆಯುವುದಿಲ್ಲ, ವಾಲ್ಯೂಮ್ ಏರಿಸುತ್ತಾರೆ.

ಬ್ಯಾಟರಿಯ ತಪ್ಪೇ ಇಲ್ಲವೆಂದಲ್ಲ. ನಮ್ಮ ಬಿಸಿಲಿಗೆ ಅದರ ಆಯುಷ್ಯ ಕಡಿಮೆಯೇ. ಗಾಡಿ ನಿಂತಾಗ ಮೀಟರು 12.6 ತೋರಿಸಬೇಕು, ಇಂಜಿನ್ ನಡೆದಾಗ 14ರ ಆಸುಪಾಸು. ನಡೆದಾಗಲೂ 12ರಲ್ಲೇ ನಿಂತಿದ್ದರೆ ಡೈನಮೋ ಮಲಗಿದೆ ಅಂತ. ಟರ್ಮಿನಲ್ಲಿಗೆ ಬೆಳ್ಳಗೆ ಹಸಿರಾಗಿ ಉಪ್ಪು ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದರಾಯಿತು. ಇನ್ನು ಗಾಜಿಗೆ ಅಂಟಿಸಿದ ಕ್ಯಾಮೆರಾ. ಅದಕ್ಕೆ ನೇರ ಬ್ಯಾಟರಿಯಿಂದ ಲೈನ್ ಎಳೆದು, ಕೊಪ್ಪಳ ಸ್ಟೇಷನ್ನಿನಲ್ಲಿ ಕಾರು ಬಿಟ್ಟು ಬೆಂಗಳೂರಿಗೆ ರೈಲು ಹತ್ತಿದಿರಿ ಅನ್ನಿ. ಕಾಲು ಆಂಪಿಯರ್ ಎಳೆದರೂ ಮೂರು ದಿನಕ್ಕೆ 18 ಆಂಪಿಯರ್-ತಾಸು ಆಯಿತು. ಸಣ್ಣ ಕಾರಿನ 35ರ ಬ್ಯಾಟರಿಯಲ್ಲಿ ಅರ್ಧ ಖಲಾಸ್.

ಸೆಲ್ಫ್ 'ಟಕ್ ಟಕ್' ಎಂದು ನಿಂತರೆ ಕೇಬಲ್ ಹಿಡಿದು ದಾರಿಗೆ ನಿಲ್ಲಬೇಕು. ಕುಷ್ಟಗಿ ಹೈವೇಯ ಲಾರಿಯವರಿಗೆ ಕೈ ಮಾಡಬೇಡಿ, ಅವರದು 24 ವೋಲ್ಟು. ಟ್ರ್ಯಾಕ್ಟರಿನದು 12, ನಡೆಯುತ್ತದೆ. ಪ್ಲಸ್ಸಿಗೆ ಪ್ಲಸ್ ಮೊದಲು. ಮೈನಸ್ಸಿನ ಕೊನೆಯ ಕ್ಲಿಪ್ಪು ನಿಮ್ಮ ಇಂಜಿನ್ನಿನ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ, ಕಿಡಿ ಹಾರೀತು. ಅದಕ್ಕೂ ಮುಂಚೆ ಡೆಕ್ ಬಂದ್ ಮಾಡಲು ಹುಡುಗನನ್ನು ಒಪ್ಪಿಸಬೇಕು. ಕಷ್ಟದ ಕೆಲಸ ಅದೊಂದೇ.