ಗುರುವಾರ, ಆಶಾ ಅಕ್ಕನ ಹಿಂದೆ

ಚಪ್ಪಲಿ ಹೊರಗೇ ಬಿಡಿ. ಹೊಸ್ತಿಲ ಪಕ್ಕದ ಬಕೆಟ್ಟಿನಲ್ಲಿ ನೀರಿದೆ, ಸಾಬೂನಿದೆ. ಕೈ ತೊಳೆದುಕೊಂಡೇ ಒಳಗೆ ಬನ್ನಿ. ಇದು ಬಾಣಂತಿಯ ಮನೆ, ಕೂಸಿಗೆ ಇವತ್ತು ಏಳನೇ ದಿನ. ಹೊರಗೆ ಯಾದಗಿರಿ ಜಿಲ್ಲೆಯ ಚಳಿಗಾಲದ ಬೆಳಗು. ಎಳ್ಳಮಾಸಿ ಮುಗಿದಿದೆ, ಹೊಲಗಳಲ್ಲಿ ತೊಗರಿ ರಾಶಿ ನಡೆದಿದೆ. ಒಳಗೆ ಕತ್ತಲು, ಹೊಗೆ. ಹೊರಸಿನ ಕೆಳಗೆ ಕೆಂಡ. ನಿಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಗುಲಾಬಿ ಸೀರೆಯ ಆಶಾ ಅಕ್ಕ, ಊರಿನ ಆರೋಗ್ಯ ಕಾರ್ಯಕರ್ತೆ, ಪರಸಿ ಕಲ್ಲಿನ ನೆಲದ ಮೇಲೆ ಕೂತು ಕೂಸಿನ ಅಂಗಿ ಮೇಲೆ ಸರಿಸಿದ್ದಾರೆ.

"ಒಂದ್ ನಿಮಿಷ ಯಾರೂ ಮಾತಾಡಬ್ಯಾಡ್ರಿ."

ಕೈಯಲ್ಲಿ ಗಡಿಯಾರ, ಕಣ್ಣು ಕೂಸಿನ ಹೊಟ್ಟೆಯ ಮೇಲೆ. ಹೊಟ್ಟೆ ಏರಿದ್ದು ಒಂದು, ಇನ್ನೊಮ್ಮೆ ಏರಿದ್ದು ಎರಡು. ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚಾದರೆ ನ್ಯುಮೋನಿಯಾ ಇರಬಹುದು, ಆಗ ದವಾಖಾನೆಗೆ ಓಡಬೇಕು. ದವಾಖಾನೆಯಲ್ಲಿ ಹುಟ್ಟಿದ ಪ್ರತಿ ಕೂಸನ್ನೂ ಅವರು 3, 7, 14, 21, 28 ಮತ್ತು 42ನೇ ದಿನ ಹೀಗೆ ಮನೆಗೆ ಬಂದು ನೋಡಬೇಕು. ಆರೂ ಭೇಟಿ ಮುಗಿದ ಮೇಲೆ ಅವರ ಖಾತೆಗೆ ಬರುವುದು 250 ರೂಪಾಯಿ.

"ನಲವತ್ತೆಂಟು. ಛಲೋ ಅದ." ಬಟ್ಟೆಯ ಜೋಳಿಗೆಯಲ್ಲಿ ಕೂಸನ್ನು ತೂಗಿ ಮುಳ್ಳು ನೋಡುತ್ತಾರೆ. "ಎರಡೂವರಿ ಕೆಜಿಗೆ ಇನ್ನಾ ನೂರು ಗ್ರಾಂ ಕಡಿಮಿ ಅದ. ಎದಿ ಹಾಲು ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ್ರಿ. ಜೇನು ಬ್ಯಾಡ, ಸಕ್ರಿ ನೀರೂ ಬ್ಯಾಡ."

ಬಾಗಿಲಲ್ಲಿ ಕೂತ ಅತ್ತೆ ಒಂದು ನಿಮಿಷದಿಂದ ತಡೆದಿಟ್ಟುಕೊಂಡ ಮಾತು ಹೊರಬರುತ್ತದೆ. "ನಾವೇನು ಹಡದಿಲ್ಲೇನವ್ವ? ನಾಕ್ ಮಕ್ಕಳಿಗೂ ಜೇನು ನೆಕ್ಕಿಸೀನಿ, ನಾಕೂ ಗಟ್ಟಿ ಅದಾವ."

"ಐದು ಹಡದಿದ್ದಿ ನೀ, ದೊಡ್ಡವ್ವ."

ಮುದುಕಿ ಸುಮ್ಮನಾಗುತ್ತಾರೆ. ಆಶಾ ಅಕ್ಕ ಎದ್ದು ಹೋಗಿ ಅವರ ಪಕ್ಕ ಕೂತು ಮೊಣಕಾಲ ಮೇಲೆ ಕೈ ಇಡುತ್ತಾರೆ. ಆ ಐದನೆಯ ಕೂಸಿನ ಕಥೆ ಊರಿಗೆಲ್ಲ ಗೊತ್ತಿರಬೇಕು. ನಿಮಗೆ ಅದನ್ನು ಯಾರೂ ಹೇಳುವುದಿಲ್ಲ. ಜೇನಿನ ಮಾತು ಅಲ್ಲಿಗೆ ಮುಗಿಯುತ್ತದೆ. ಗೋಡೆಗೆ ಅಂಟಿಸಿದ ಯಾವ ಭಿತ್ತಿಪತ್ರವೂ ಆ ಮುದುಕಿಯ ಮನಸ್ಸನ್ನು ಹೀಗೆ ಮುಟ್ಟಲಾರದು. ಯಾರ ಮನೆಯಲ್ಲಿ ಯಾವ ಕೂಸು ಉಳಿಯಲಿಲ್ಲ ಎಂದು ಬಲ್ಲ ಹೆಂಗಸು ಪಕ್ಕದಲ್ಲಿ ಬಂದು ಕೂರಬೇಕು.

ಮುಂದಿನ ಮಾತು ಆಪ್ರೇಷನ್ನಿನದು. ಎರಡೂ ಹೆಣ್ಣು, ಇನ್ನೊಂದು ನೋಡೋಣ ಎನ್ನುವುದು ಅತ್ತೆಯ ಅಭಿಪ್ರಾಯ. ಬಾಣಂತಿಯ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಂಟು ಎಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಆ ಅರ್ಧದಲ್ಲಿ ಒಬ್ಬಾಕೆ ನಿಮ್ಮೆದುರು ಹೊರಸಿನ ಮೇಲೆ ಕಾಲು ಮಡಚಿ ಕೂತು ನೆಲ ನೋಡುತ್ತಿದ್ದಾಳೆ. ಗಂಡನಿಗೆ ಆಪ್ರೇಷನ್ ಮಾಡಿಸಬಹುದಲ್ಲ ಎಂದು ಆಶಾ ಅಕ್ಕ ಕೇಳಿದರೆ ಅತ್ತೆ ಕೈಯಾಡಿಸುತ್ತಾರೆ. "ದುಡಿಯೋ ಗಂಡಸಿಗೆ ಅದೆಲ್ಲ ಆಗಂಗಿಲ್ಲವ್ವ." ಸೊಸೆ ದಿನಕ್ಕೆ ಎಷ್ಟು ಕೊಡ ನೀರು ಹೊರುತ್ತಾಳೆ ಎಂದು ಅವರು ಎಣಿಸಿಲ್ಲ. ಅತ್ತೆ ಕ್ರೂರಿಯಲ್ಲ, ಅವರದನ್ನೂ ಯಾರೂ ಎಣಿಸಿರಲಿಲ್ಲ.

ಅತ್ತೆ ಚಹಾಕ್ಕೆಂದು ಒಳಗೆ ಹೋದಾಗ ಬಾಣಂತಿ ಮೊದಲ ಸಲ ಬಾಯಿ ತೆರೆಯುತ್ತಾಳೆ. "ಅಕ್ಕಾ, ಎರಡ್ ಸಾವ್ರ ಅವರ ಹೆಸರಿಗೇ ಬರ್ತದ. ಮೊಟ್ಟಿ ತರಸ್ರಿ ಅಂದ್ರ ಉಷ್ಣ ಅಂತಾರ." 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಯೋಜನೆಯ ಈ ಹಣ ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿರುವವರಿಗೆ. ಜೀವಮಾನವಿಡೀ ಮಗನೆದುರು ಕೈಚಾಚಿದ ಮುದುಕಿಗೆ ತನ್ನದೇ ಖಾತೆ ಸಿಕ್ಕಿದ್ದು ದೊಡ್ಡ ಮಾತು, ಅದನ್ನು ಹಗುರ ಮಾಡಬಾರದು. ಅದೇ ಮನೆಯಲ್ಲಿ ಸೊಸೆಯ ಕೈ ಮಾತ್ರ ಈಗಲೂ ಚಾಚಿಕೊಂಡೇ ಇದೆ. ಹಾಲೂಡಿಸುವಾಕೆಗೂ ಪಾಲು ಇರಬೇಕು ಎಂದು ಹೇಳಲು ಯಾವ ಪಕ್ಷದವರೂ ಈ ಕೋಣೆಯೊಳಗೆ ಬಂದಿಲ್ಲ. ಆಶಾ ಅಕ್ಕ ಹೇಳುತ್ತಾರೆ, ಚಹಾ ಲೋಟ ಕೈಗೆ ತೆಗೆದುಕೊಳ್ಳುತ್ತ, ಅತ್ತೆಗೇ ಕೇಳುವಂತೆ: "ದೊಡ್ಡವ್ವ, ಸೊಸಿಗೆ ದಿನಾ ಒಂದ್ ಮೊಟ್ಟಿ. ಮೊಮ್ಮಗಳು ತೂಕ ಹಿಡಿಬೇಕಂದ್ರ ನಿನ್ನ ಕೈಯಾಗೇ ಅದ."

ಹೊರಗೆ ಬನ್ನಿ, ಬಿಸಿಲು ಏರಿದೆ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಗಂಡಸರು ಕೂತಿದ್ದಾರೆ. "ಪುಕ್ಕಟ ಬಸ್ ಮಾಡಿ ಹೆಂಗಸರು ಮನ್ಯಾಗ ನಿಲ್ಲವಲ್ರು" ಎಂದು ಒಬ್ಬರು. "ಗ್ಯಾರಂಟಿಗೆ ರೊಕ್ಕ ಹಾಕಿದ್ರ ರಸ್ತೆಕ್ ಎಲ್ಲಿಂದ ಬರ್ತದ?" ಎಂದು ಇನ್ನೊಬ್ಬರು. ಎರಡನೆಯ ಪ್ರಶ್ನೆ ನ್ಯಾಯವಾದದ್ದೇ. ಈ ಓಣಿಯ ಗುಂಡಿಗಳಲ್ಲಿ ನೀವೇ ಎಡವುತ್ತ ಬಂದಿದ್ದೀರಿ. ಮೊದಲನೆಯದಕ್ಕೆ ಆಶಾ ಅಕ್ಕ ನಿಲ್ಲುತ್ತಾರೆ. "ಕಾಕಾ, ನಿಮ್ಮ ಸೊಸಿ ಸ್ಕ್ಯಾನಿಂಗಿಗೆ ತಾಲೂಕಿಗೆ ಹೋಗಿದ್ದು ಯಾವ ಬಸ್ಸಿನಾಗ?" 2023ರ ಜೂನ್ 11ರಂದು ಹೆಂಗಸರಿಗೆ ಪುಕ್ಕಟ ಬಸ್ ಶುರುವಾಗುವ ಮೊದಲು ಬಸುರಿಯನ್ನು ತಾಲೂಕು ಆಸ್ಪತ್ರೆಗೆ ಹೊರಡಿಸಬೇಕೆಂದರೆ ಮೊದಲು ಮನೆಯ ಗಂಡಸಿನ ಜೇಬನ್ನು ಒಪ್ಪಿಸಬೇಕಿತ್ತು, ಈಗ ಹೆಂಗಸರು ಆಧಾರ್ ಕಾರ್ಡು ಹಿಡಿದು ಹೊರಟುಬಿಡುತ್ತಾರೆ. ಕಾಕಾ ಉತ್ತರಿಸುವುದಿಲ್ಲ. ಆದರೂ ಸಂಜೆ ಇದೇ ಕಟ್ಟೆಯ ಮೇಲೆ ಅದೇ ಮಾತು ಮತ್ತೆ ಆಡುತ್ತಾರೆ ಎಂದು ಅಕ್ಕನಿಗೆ ಗೊತ್ತು.

ಮೇಲಿನ ಓಣಿ. ಇಲ್ಲಿ ಮನೆಗಳು ದೊಡ್ಡವು, ಬಾಗಿಲುಗಳಿಗೆ ಹಿತ್ತಾಳೆಯ ಕಡಗಗಳು. ಒಂದು ಮನೆಯಲ್ಲಿ ಕೂಸನ್ನು ಹೊರಗೆ ತಂದು ಕಟ್ಟೆಯ ಮೇಲೆ ಮಲಗಿಸುತ್ತಾರೆ. ಚಳಿಗಾಳಿ ಬೀಸುತ್ತಿದೆ. ಒಳಗೆ ತೂಗಿದರೆ ಕೂಸಿಗೆ ಬೆಚ್ಚಗಿರುತ್ತಿತ್ತು ಎಂದು ನಿಮಗೂ ಗೊತ್ತು, ತಾಯಿಗೂ ಗೊತ್ತು. ಆಶಾ ಅಕ್ಕ ಕೆಳಗಿನ ಕೇರಿಯವರು. ಅವರು ಬೇಗ ಬೇಗ ತೂಗಿ, ಕಂಬಳಿ ಸುತ್ತಿ, ಕೂಸನ್ನು ತಾಯಿಯ ಎದೆಗೆ ಒತ್ತಿ ಕೊಡುತ್ತಾರೆ. ಬರೆದುಕೊಂಡು ತಿರುವು ದಾಟಿದ ಮೇಲೆ ಹೇಳುತ್ತಾರೆ: "ಕೊರೊನಾ ಬಂದಾಗ ಇದೇ ಮನ್ಯಾಗ ಒಳಗ ಕರದಿದ್ರು. ಮುದುಕರಿಗೆ ಉಸಿರು ಹತ್ತಿತ್ತು, ಬೆರಳಿಗೆ ಮಷಿನ್ ಹಚ್ಚಿ ನೋಡಾಕ ಬ್ಯಾರೆ ಯಾರೂ ಬರಲಿಲ್ಲ. ಮುಗೀತು, ಮತ್ತ ಕಟ್ಟಿ ಮ್ಯಾಲೆ."

ಅಸ್ಪೃಶ್ಯತೆಯನ್ನು ನಾವು ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಇಲ್ಲಿ ಅದು ಹಸುಗೂಸಿನ ಮೈ ತಣ್ಣಗಾಗಿಸುತ್ತಿದೆ. ತೂಕ ಕಡಿಮೆಯಿದ್ದ ಕೂಸಿಗೆ ಚಳಿ ಎಂದರೆ ಅಪಾಯ. ಜಾತಿ ಕೆಡದಿರಲೆಂದು ತಮ್ಮ ಮೊಮ್ಮಗನನ್ನೇ ಗಾಳಿಗೆ ಒಡ್ಡುತ್ತಿದ್ದಾರೆ. ನನಗೆ ಇದಕ್ಕಿಂತ ಸಿಟ್ಟು ತರಿಸುವ ಸಂಗತಿ ಆ ಊರಿನಲ್ಲಿ ಇನ್ನೊಂದಿಲ್ಲ.

ನಡೆಯುತ್ತಲೇ ಅಕ್ಕ ತಮ್ಮ ಮಾತು ಹೇಳುತ್ತಾರೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಶುರುವಾದ ವ್ಯವಸ್ಥೆ ಇದು. ಸಾವಿರ ಜನಕ್ಕೆ ಒಬ್ಬ ಆಶಾ, ರಾಜ್ಯದಲ್ಲಿ ಸುಮಾರು 42,000 ಮಂದಿ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳನ್ನೆಲ್ಲ ಗೌರವಿಸಿತು. ಆದರೆ ಮಾಡಿದ ಕೆಲಸವನ್ನು ಪೋರ್ಟಲ್‌ಗೆ ಏರಿಸದಿದ್ದರೆ ದುಡ್ಡಿಲ್ಲ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಮಾಡಿದ ಕೆಲಸ ಎಷ್ಟೋ ಸಲ ಲೆಕ್ಕಕ್ಕೇ ಬರುವುದಿಲ್ಲ. 2025ರ ಜನವರಿಯ ಚಳಿಯಲ್ಲಿ ಅವರೂ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿದ್ದರು. ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದವರನ್ನು ಕೂಡಿಹಾಕಿದ್ದ ಹಳೆಯ ಜೈಲಿನ ಜಾಗ ಅದು. ಅಲ್ಲೇ ರಸ್ತೆಯ ಮೇಲೆ ಮಲಗಿದರು. ನಾಲ್ಕನೇ ದಿನ ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಕ್ಕಿತು. ಆ ಭರವಸೆ ಈಡೇರಿಸಿ ಎಂದು ಅದೇ ವರ್ಷ ಆಗಸ್ಟಿನಲ್ಲಿ ಆಶಾಗಳು ಮತ್ತೆ ಧರಣಿ ಕೂರಬೇಕಾಯಿತು. "ಮನ್ಯಾಗ ನಮ್ ಯಜಮಾನ್ರು ಹೇಳ್ತಾರ, ಅಷ್ಟು ಸಾಕಾಗದಿದ್ರ ಬಿಡು ಅಂತ. ಬಿಟ್ರ ಆ ಕೂಸಿನ ಹದಿನಾಲ್ಕನೇ ದಿನ ಯಾರು ಹೋಗ್ತಾರ್ರಿ?"

ಸರ್ಕಾರ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ. ಆಶಾಗಳು ಬಿಡುವುದಿಲ್ಲ ಎಂದು ಗೊತ್ತಿದ್ದೇ ಅವರಿಗೆ ಸಂಬಳ ನಿಗದಿ ಮಾಡದೆ ಇಷ್ಟು ವರ್ಷ ತಳ್ಳಿಕೊಂಡು ಬಂದಿದೆ. ಅದು ತಪ್ಪು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ತಪ್ಪು.

ಊರ ಕೊನೆಗೆ ಸಾಲಾಗಿ ಬೀಗಗಳು. ಒಂದು, ಎರಡು, ಮೂರು ಮನೆ ದಾಟಿ ಒಂದು ಮನೆಯ ಮುಂದೆ ಮುದುಕರೊಬ್ಬರು ಆಡಿನ ಮರಿಗೆ ಸೊಪ್ಪು ಹಾಕುತ್ತಿದ್ದಾರೆ. ಮಗ, ಸೊಸೆ, ಇಬ್ಬರು ಮಕ್ಕಳು ಗುಳೆ ಹೋಗಿದ್ದಾರೆ. "ಖಾತ್ರಿ ಕೆಲಸದ ಕೂಲಿ ಯಾವಾಗ ಬರ್ತದ ಗೊತ್ತಿಲ್ಲವ್ವ. ಬೆಂಗಳೂರಾಗ ಶನಿವಾರಕ್ಕೊಮ್ಮೆ ಬಟವಾಡಿ." ಅವರು ಹೇಳುವುದರಲ್ಲಿ ದೂರಿಲ್ಲ, ಲೆಕ್ಕ ಮಾತ್ರ ಇದೆ. ಆಶಾ ಅಕ್ಕ ಕೇಳುವುದು ತಾಯಿ ಕಾರ್ಡು. ಮುದುಕರು ಒಳಗೆ ಹೋಗಿ ಸಂದೂಕಿನಿಂದ ಪ್ಲಾಸ್ಟಿಕ್ ಚೀಲ ತರುತ್ತಾರೆ. ಕಾರ್ಡು ಊರಲ್ಲೇ ಉಳಿದಿದೆ, ಕೂಸು ಬೆಂಗಳೂರಿನಲ್ಲಿದೆ. ಆರನೇ ವಾರದ ಲಸಿಕೆ ಆಗಿದೆ. ಹತ್ತನೇ ವಾರದ್ದು ಖಾಲಿ.

ಇಂಥ ಖಾಲಿ ಜಾಗಗಳು ಅಕ್ಕನ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿವೆ. ರಾಜಧಾನಿಯ ಎತ್ತರದ ಕಟ್ಟಡಗಳ ಪಕ್ಕ, ಖಾಲಿ ಸೈಟಿನ ತಗಡಿನ ಶೆಡ್ಡುಗಳಲ್ಲಿ ಯಾದಗಿರಿಯ, ರಾಯಚೂರಿನ, ಕಲಬುರಗಿಯ ಕೂಸುಗಳು ಬೆಳೆಯುತ್ತಿವೆ. ಅಲ್ಲಿಯ ಪಟ್ಟಿಯಲ್ಲಿ ಅವುಗಳ ಹೆಸರಿಲ್ಲ, ಇಲ್ಲಿಯ ಪಟ್ಟಿಯಲ್ಲಿ ಹೆಸರಿದ್ದರೂ ಕೂಸಿಲ್ಲ. 371(ಜೆ) ಬಂದು ದಶಕ ದಾಟಿತು. ಈ ಭಾಗಕ್ಕೆ ನೌಕರಿಯಲ್ಲಿ, ಓದಿನಲ್ಲಿ ಮೀಸಲು ಸಿಕ್ಕಿತು. ಓದದೆ ಕಲ್ಲು ಹೊರಲು ಹೋದವರ ಮಕ್ಕಳಿಗೆ ಲಸಿಕೆ ಹಿಂಬಾಲಿಸಿ ಹೋಗುವ ದಾರಿ ಇನ್ನೂ ಆಗಿಲ್ಲ. ಅಭಿವೃದ್ಧಿಯ ಮಾತಾಡುವವರೆಲ್ಲ ಒಮ್ಮೆ ಈ ಬೀಗಗಳ ಸಾಲಿನ ಮುಂದೆ ನಡೆದು ಹೋಗಬೇಕು.

ಅಂಗನವಾಡಿಗೆ ಬರುವಷ್ಟರಲ್ಲಿ ಸಿಸ್ಟರ್ ಬಂದಾಗಿದೆ. ಗುರುವಾರ ಸೂಜಿಯ ದಿನ. ಲಸಿಕೆಯ ಪೆಟ್ಟಿಗೆ ಮೇಜಿನ ಮೇಲೆ, ಕೂಸುಗಳ ಅಳು ತಗಡಿನ ಮಾಡಿಗೆ ಬಡಿದು ಇಮ್ಮಡಿಯಾಗುತ್ತಿದೆ. ಸರದಿಯಲ್ಲಿ ಕೂತ ತಾಯಂದಿರ ನಡುವೆ ಮೊಟ್ಟೆಯ ಮಾತು ಎದ್ದಿದೆ. ಪಕ್ಕದ ಶಾಲೆಯಲ್ಲಿ ಮಕ್ಕಳಿಗೆ ಈಗ ವಾರಕ್ಕೆ ಆರು ದಿನ ಮೊಟ್ಟೆ. 2021ರ ಡಿಸೆಂಬರಿನಲ್ಲಿ ಈ ಭಾಗದ ಜಿಲ್ಲೆಗಳಲ್ಲಿ ಅದು ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದ್ದು, ಬೇಕು ಎಂದು ಮಕ್ಕಳೇ ದನಿ ಎತ್ತಿದ್ದು ಇಲ್ಲಿ ಯಾರೂ ಮರೆತಿಲ್ಲ.

"ನಮ್ಮ ಮನ್ಯಾಗ ತಿನ್ನಂಗಿಲ್ಲ, ನಮ್ಮ ಹುಡುಗಗ ಬಾಳಿಹಣ್ಣು ಕೊಡ್ತಾರ. ತಿನ್ನೋರಿಗೆ ಯಾಕ ಬ್ಯಾಡ ಅನ್ಬೇಕು?" ಎನ್ನುತ್ತಾಳೆ ಕೊರಳಲ್ಲಿ ಲಿಂಗವಿರುವ ಒಬ್ಬ ತಾಯಿ.

"ನನ್ನ ಮಗಳು ಮೊಟ್ಟಿ ದಿನ ಸಾಲಿ ತಪ್ಪಿಸಂಗೇ ಇಲ್ಲ" ಎಂದು ಪಕ್ಕದಾಕೆ. "ದಿನಾ ಐತಲ್ಲವ್ವ ಈಗ!" ಎಂದು ಮೂರನೆಯಾಕೆ; ಎಲ್ಲರೂ ನಗುತ್ತಾರೆ.

ಯಾದಗಿರಿಯ ಮಕ್ಕಳನ್ನೂ ಮೊಟ್ಟೆ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ಹೋಲಿಸಿ ನಡೆದ ಅಧ್ಯಯನದಲ್ಲಿ, ಮೊಟ್ಟೆ ತಿಂದವರ ತೂಕ ಹೆಚ್ಚು ಏರಿದ್ದು ಕಂಡಿತ್ತು. ಈ ತಾಯಂದಿರಿಗೆ ಆ ವರದಿ ಬೇಕಾಗಿರಲಿಲ್ಲ. ಮಗಳ ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡಿದವರು ಅವರೇ.

ಸಿಸ್ಟರ್ ಪಟ್ಟಿ ಓದುತ್ತಾರೆ. ಒಂದು ಹೆಸರಿಗೆ ಉತ್ತರವಿಲ್ಲ. ಆಶಾ ಅಕ್ಕ ಫೋನ್ ಹಿಡಿದು ಹೊರಗೆ ಬೇವಿನ ಮರದ ಕಡೆಗೆ ಹೋಗುತ್ತಾರೆ, ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ನೀವೂ ಹೋಗಿ. ಮೂರನೇ ಸಲಕ್ಕೆ ಆ ಕಡೆಯಿಂದ ದನಿ, ಹಿಂದೆ ಕಾಂಕ್ರೀಟ್ ಮಷಿನ್ನಿನ ಸದ್ದು.

"ತಮ್ಮಾ, ಕೂಸಿಗೆ ಎರಡನೇ ಸೂಜಿ ತಪ್ಪ್ಯದ."

"ಅಕ್ಕಾ, ಇಲ್ಲಿ ಎಲ್ಲಿ ಹಾಕ್ತಾರ ಗೊತ್ತಿಲ್ಲ. ರಜಾ ಹಾಕಿದ್ರ ಪಗಾರ ಹಿಡಿತಾರ."

"ಮೇಸ್ತ್ರಿಗೆ ಫೋನ್ ಕೊಡು."

ಮೇಸ್ತ್ರಿ ಬರುವವರೆಗೆ ಅವರು ಕಾಯುತ್ತಾರೆ. ಅವನಿಗೆ ಯಾವ ಬಡಾವಣೆ, ಯಾವ ಬಸ್ ಸ್ಟಾಪು ಎಂದು ಕೇಳಿ ಅಂಗೈ ಮೇಲೆ ಬರೆದುಕೊಳ್ಳುತ್ತಾರೆ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರ ಯಾವುದು ಎಂದರೆ ಅವನಿಗೂ ಗೊತ್ತಿಲ್ಲ. ಗೇಟಿನ ಕಾವಲುಗಾರನನ್ನು ಕೇಳಿ ಹೇಳುತ್ತೇನೆ ಎನ್ನುತ್ತಾನೆ. "ನಾಳಿ ಹೆಂಗಸನ್ನ ಅರ್ಧ ದಿನ ಬಿಡ್ರಿ, ಪಗಾರ ಹಿಡೀಬ್ಯಾಡ್ರಿ" ಎಂದು ಅಕ್ಕ ದನಿ ಏರಿಸುತ್ತಾರೆ. ಫೋನು ಮತ್ತೆ ಕೂಸಿನ ತಂದೆಯ ಕೈಗೆ ಬರುತ್ತದೆ.

"ಕಾರ್ಡಿನ ಫೋಟೋ ಹಾಕ್ತೀನಿ, ಅದನ್ನೇ ತೋರಿಸು. ಹಾಕಂಗಿಲ್ಲ ಅಂದ್ರ ಅಲ್ಲಿಂದಾನೇ ನನಗ ಫೋನ್ ಹಚ್ಚು, ಸಿಸ್ಟರ್ ಕೂಡ ನಾನೇ ಮಾತಾಡ್ತೀನಿ."